ಸೂಪರ್‌ಹೀರೋ ಸಿನಿಮಾ ಒಲ್ಲೆ ಎನ್ನುವವರಿಗೆ ಒಂದನ್ನು ತೋರಿಸುವುದು ಹೇಗೆ

ಸೂಪರ್‌ಹೀರೋ ಸಿನಿಮಾ ಎಂದರೆ ಮೂಗು ಮುರಿಯುವವರಿಗೆ ಸಾಮಾನ್ಯವಾಗಿ ಒಂದೇ ರೀತಿಯ ಅನ್ಯಾಯ ಆಗುತ್ತದೆ. ಅಭಿಮಾನಿಯಾದವರು ತಮಗೆ ಪ್ರಾಣವಾದ ಸಿನಿಮಾವನ್ನೇ ಹಾಕಿ ಅವರನ್ನು ಕೂರಿಸುತ್ತಾರೆ. ‘ಅವೆಂಜರ್ಸ್: ಎಂಡ್‌ಗೇಮ್’ ಅನ್ನೇ ತೆಗೆದುಕೊಳ್ಳಿ. 2019ರ ಈ ಸಿನಿಮಾ ಮಾರ್ವೆಲ್ ಸರಣಿಯಲ್ಲಿ 22ನೆಯದು, ಉದ್ದ 181 ನಿಮಿಷ. ಹಿಂದಿನ 21ನ್ನೂ ನೋಡಿದವರಿಗೆ ಅದರ ಒಂದೊಂದು ಅಪ್ಪುಗೆಯ ಹಿಂದೆಯೂ ಹತ್ತು ವರ್ಷಕ್ಕೂ ಮೀರಿದ ನಂಟಿದೆ. ನೋಡದವರಿಗೆ ಅದು ಗುರುತು ಪರಿಚಯ ಇಲ್ಲದವರ ಮದುವೆಯಲ್ಲಿ ಮೂರು ಗಂಟೆ ಕೂತಂತೆ. ಎದ್ದು ಹೋದರೆ ತಪ್ಪು ಅವರದಲ್ಲ.

ಆದ್ದರಿಂದ ನಿಮ್ಮ ಇಷ್ಟದ ಪಟ್ಟಿಯನ್ನು ಪಕ್ಕಕ್ಕಿಟ್ಟು, ಅವರ ದೂರಿನಿಂದ ಶುರು ಮಾಡಿ. ದೂರು ಬಹಳ ಸಲ ಸರಿಯಾಗಿಯೇ ಇರುತ್ತದೆ. ಆ ದೂರನ್ನು ತಾನೂ ಒಪ್ಪಿಕೊಂಡು, ಅದಕ್ಕೆ ಉತ್ತರ ಕೊಡಲೆಂದೇ ತೆಗೆದಂಥ ಒಂದು ಸಿನಿಮಾ ಎಲ್ಲೋ ಇರುತ್ತದೆ. ನೋಡುವವರನ್ನು ಅಚ್ಚರಿಗೊಳಿಸುವುದು ಅಂಥದ್ದೇ.

ಮೊದಲು ದೂರು ಕೇಳಿ

“ಯಾಕೆ ಇಷ್ಟ ಇಲ್ಲ?” ಎಂದು ಕೇಳಬೇಡಿ. “ಎಲ್ಲಾ ಒಂದೇ ಥರ” ಎಂಬ ಉತ್ತರ ಬರುತ್ತದೆ, ಅದರಿಂದ ಪ್ರಯೋಜನವಿಲ್ಲ. “ಕೊನೆಗೆ ನೋಡಿದ್ದು ಯಾವುದು? ಎಲ್ಲಿ ಬೇಜಾರು ಬಂತು?” ಎಂದು ಕೇಳಿ. ಬೇಜಾರು ಬಂದ ಜಾಗ ಗೊತ್ತಾದರೆ ಮುಕ್ಕಾಲು ಕೆಲಸ ಮುಗಿಯಿತು. ಶುರುವಿನಲ್ಲೇ ಗೊಂದಲವಾಯಿತು ಎಂದರೆ ಹಿಂದಿನ ಕಥೆಯ ಹೊರೆ ಜಾಸ್ತಿ ಇತ್ತು. ಕೊನೆಯ ಅರ್ಧ ಗಂಟೆಯಲ್ಲಿ ಮೊಬೈಲ್ ಕೈಗೆ ಬಂತು ಎಂದರೆ ಕಟ್ಟಡಗಳು ಉರುಳುವ ಕ್ಲೈಮ್ಯಾಕ್ಸ್ ಅವರಿಗೆ ಒಗ್ಗಿಲ್ಲ. ನಡುವೆ ನಗು ಬರಲಿಲ್ಲ ಎಂದರೆ ಗಂಭೀರ ಗಳಿಗೆಯಲ್ಲೂ ಜೋಕು ಹಾರಿಸುವ ಬರವಣಿಗೆ ಅವರಿಗೆ ಬೇಡ.

ಕೊನೆಯ ಅರ್ಧ ಗಂಟೆಯ ಗದ್ದಲದ ಬಗ್ಗೆ ದೂರುವವರಿಗೆ ‘ಅನ್‌ಬ್ರೇಕಬಲ್’ಗಿಂತ ಒಳ್ಳೆಯ ಆಯ್ಕೆ ಸಿಗುವುದು ಕಷ್ಟ. 2000ದಲ್ಲಿ ಬಂದದ್ದು, ನಿರ್ದೇಶನ ಎಂ. ನೈಟ್ ಶ್ಯಾಮಲನ್, ಉದ್ದ 106 ನಿಮಿಷ. ಯಾರೂ ಹಾರುವುದಿಲ್ಲ, ಒಂದು ಕಟ್ಟಡವೂ ಬೀಳುವುದಿಲ್ಲ. ರೈಲು ಅಪಘಾತದಲ್ಲಿ ಒಬ್ಬನೇ ಬದುಕಿ ಉಳಿಯುತ್ತಾನೆ, ಮೈಮೇಲೆ ಒಂದು ಗೀರೂ ಇಲ್ಲ. ಯಾಕೆ ಎನ್ನುವುದಷ್ಟೇ ಕಥೆ. ನೆಲಮಾಳಿಗೆಯ ದೃಶ್ಯವೊಂದಿದೆ. ಅಪ್ಪ ಬೆಂಚಿನ ಮೇಲೆ ಮಲಗಿ ಭಾರ ಎತ್ತುತ್ತಿದ್ದಾನೆ, ಮಗ ಕಂಬಿಗೆ ತೂಕದ ಬಿಲ್ಲೆ ಹಾಕುತ್ತಿದ್ದಾನೆ. ತೆಗೆ ಎಂದಾಗ ತೆಗೆಯದೆ ಇನ್ನಷ್ಟು ಸೇರಿಸಿರುತ್ತಾನೆ. ಅಪ್ಪ ಎತ್ತಿಬಿಡುತ್ತಾನೆ. ಬಿಲ್ಲೆಗಳು ಮುಗಿದಾಗ ಪೇಂಟ್ ಡಬ್ಬಿಗಳನ್ನು ಕಂಬಿಗೆ ನೇತುಹಾಕುತ್ತಾರೆ. ಗ್ರಾಫಿಕ್ಸ್ ಇಲ್ಲ, ಅಬ್ಬರದ ಹಿನ್ನೆಲೆ ಸಂಗೀತವಿಲ್ಲ, ಒಂದು ಹುಡುಗನ ಮುಖ ಮಾತ್ರ. “ಇದು ಸೂಪರ್‌ಹೀರೋ ಸಿನಿಮಾನಾ?” ಎಂಬ ಪ್ರಶ್ನೆ ಬರುವುದಿದ್ದರೆ ಬಹುಶಃ ಅಲ್ಲೇ ಬರುತ್ತದೆ. ಒಂದೇ ಎಚ್ಚರಿಕೆ: ನಿಧಾನಗತಿ ಸಹಿಸದವರಿಗೆ ಇದನ್ನು ಹಾಕಬೇಡಿ. ಶುರುವಿನ ರೈಲಿನ ದೃಶ್ಯದಲ್ಲೇ ಕ್ಯಾಮೆರಾ ಎರಡು ಸೀಟುಗಳ ಸಂದಿಯಲ್ಲಿ ಅತ್ತಿತ್ತ ತೂಗಾಡುತ್ತಾ ಇಬ್ಬರ ಮಾತು ಕೇಳಿಸಿಕೊಳ್ಳುತ್ತದೆ. ಅದು ಹಿಡಿಸದಿದ್ದರೆ ಮುಂದಿನದೂ ಹಿಡಿಸದು.

“ಯಾರೂ ಸಾಯಲ್ಲ, ಪೆಟ್ಟು ಬಿದ್ದರೂ ಲೆಕ್ಕಕ್ಕಿಲ್ಲ” ಎನ್ನುವವರಿಗೆ ‘ಲೋಗನ್’ (2017, 137 ನಿಮಿಷ). ಗಾಯ ತಾನೇ ಮಾಯುವ ಶಕ್ತಿಯಿದ್ದವನಿಗೆ ವಯಸ್ಸಾಗಿದೆ, ಗಾಯ ಮೊದಲಿನಂತೆ ಮಾಯುತ್ತಿಲ್ಲ, ಅವನು ಕುಂಟುತ್ತಾನೆ. ಮನಸ್ಸನ್ನು ಓದಬಲ್ಲ ಮುದುಕನಿಗೆ ಮಿದುಳಿನ ಕಾಯಿಲೆ. ಅವನಿಗೆ ಸಮಯಕ್ಕೆ ಸರಿಯಾಗಿ ಔಷಧ ಕೊಡುವುದೇ ಒಂದು ಪಾಡು. ವಯಸ್ಸಾದ ತಂದೆತಾಯಿಯರನ್ನು ನೋಡಿಕೊಂಡವರಿಗೆ ಈ ಭಾಗ ನೇರ ಎದೆಗೆ ಬಡಿಯುತ್ತದೆ. ಇದು ಎಕ್ಸ್‌-ಮೆನ್ ಸರಣಿಗೆ ಸೇರಿದ್ದಾದರೂ ಹಿಂದಿನದನ್ನು ನೋಡಿರಲೇಬೇಕೆಂದಿಲ್ಲ. ಆದರೆ ಹಿಂಸೆ ತುಂಬಾ ಇದೆ, ಕೈಕಾಲು ಕತ್ತರಿಸುವ ದೃಶ್ಯಗಳಿವೆ. ರಕ್ತ ನೋಡಲಾಗದವರಿಗೆ ಬೇಡ, ಮಕ್ಕಳಿರುವಾಗ ಖಂಡಿತ ಬೇಡ. ಇದನ್ನು ಮುಚ್ಚಿಟ್ಟು ಕೂರಿಸಿದರೆ ಅವರು ಮತ್ತೆ ನಿಮ್ಮ ಮಾತು ನಂಬುವುದಿಲ್ಲ.

“ವಿಲನ್‌ಗೆ ತಲೆಬುಡ ಇರಲ್ಲ” ಎನ್ನುವ ದೂರಿಗೆ ಎರಡು ದಾರಿ. ಒಂದು, 2008ರ ಬ್ಯಾಟ್‌ಮ್ಯಾನ್ ಸಿನಿಮಾ ‘ದಿ ಡಾರ್ಕ್ ನೈಟ್’. ನೋಡುವವರಿಗೆ ಪೊಲೀಸ್-ಕಳ್ಳರ ಸಿನಿಮಾ ಇಷ್ಟವಿದ್ದರೆ ಇದು ಅವರ ದಾರಿಯೇ. ಇನ್ನೊಂದು, 2021ರ ಡಿಸೆಂಬರ್‌ನಲ್ಲಿ ಬಂದ ಮಲಯಾಳಂ ಸಿನಿಮಾ ‘ಮಿನ್ನಲ್ ಮುರಳಿ’. ನಿರ್ದೇಶನ ಬೇಸಿಲ್ ಜೋಸೆಫ್. ಒಂದೇ ಹಳ್ಳಿಯ ಇಬ್ಬರಿಗೆ ಸಿಡಿಲು ಬಡಿದು ಇಬ್ಬರಿಗೂ ಒಂದೇ ಶಕ್ತಿ ಬರುತ್ತದೆ. ಒಬ್ಬ ದರ್ಜಿ, ಇನ್ನೊಬ್ಬ ಊರೆಲ್ಲ ಹುಚ್ಚನೆಂದು ತಳ್ಳಿಟ್ಟ ಚಹಾ ಅಂಗಡಿಯ ಕೆಲಸಗಾರ. ಎರಡನೆಯವನಾಗಿ ಗುರು ಸೋಮಸುಂದರಂ ನಟಿಸಿದ ರೀತಿಗೆ, ಅವನು ಕೆಟ್ಟ ದಾರಿ ಹಿಡಿಯುವಾಗಲೂ ನೋಡುವವರ ಮನಸ್ಸು ಅವನ ಕಡೆಗೇ ವಾಲುತ್ತದೆ. ಕನ್ನಡ ಡಬ್ಬಿಂಗ್ ಇದೆ. ಎರಡೂವರೆ ಗಂಟೆ ದಾಟುತ್ತದೆ ಎನ್ನುವುದೊಂದೇ ತೊಡಕು.

“ನಮ್ಮಂಥವರ ಕಥೆ ಅಲ್ಲ” ಎನ್ನುವವರಿಗೆ ಸ್ಯಾಮ್ ರೈಮಿಯ ‘ಸ್ಪೈಡರ್-ಮ್ಯಾನ್ 2’ (2004, 127 ನಿಮಿಷ). ನಾಯಕ ಪಿಜ್ಜಾ ತಲುಪಿಸುವುದು ತಡವಾಗಿ ಕೆಲಸ ಕಳೆದುಕೊಳ್ಳುವುದರಿಂದ ಕಥೆ ಶುರು. ಬಾಡಿಗೆ ಕೊಟ್ಟಿಲ್ಲ, ಕಾಲೇಜಿನಲ್ಲಿ ಹಿಂದೆ ಬಿದ್ದಿದ್ದಾನೆ. ಹೆಸರಿನಲ್ಲಿ ‘2’ ಇದೆ ಎಂದು ಹಿಂಜರಿಯಬೇಡಿ. ಟೈಟಲ್ ಕಾರ್ಡ್‌ಗಳ ಜೊತೆಗೇ ಮೊದಲ ಭಾಗದ ಕಥೆಯನ್ನು ವರ್ಣಚಿತ್ರಗಳಲ್ಲಿ ಹೇಳಿಬಿಡುತ್ತಾರೆ, ಆ ಟೈಟಲ್‌ಗಳನ್ನು ಮಾತ್ರ ಓಡಿಸಬಾರದು.

“ಕಾರ್ಟೂನ್ ಬೇಡ” ಎನ್ನುವವರಿಗೂ ಅನಿಮೇಷನ್ ತೋರಿಸಬಹುದು, ಅವರು ಚಿತ್ರ, ಫೋಟೋ, ವಿನ್ಯಾಸದಲ್ಲಿ ಆಸಕ್ತಿ ಇರುವವರಾಗಿದ್ದರೆ. 2018ರ ‘ಸ್ಪೈಡರ್-ಮ್ಯಾನ್: ಇಂಟು ದಿ ಸ್ಪೈಡರ್-ವರ್ಸ್’ ಅಂಥವರ ಬಾಯಿ ಕಟ್ಟಿಸುತ್ತದೆ. ಸಿನಿಮಾ ಓಡುವುದು ಸೆಕೆಂಡಿಗೆ 24 ಚಿತ್ರಗಳಂತೆ. ಇಲ್ಲಿ ಹೊಸದಾಗಿ ಶಕ್ತಿ ಪಡೆದ ಹುಡುಗ ಮೈಲ್ಸ್‌ನ ಭಂಗಿ ಬಹುಪಾಲು ಎರಡು ಚಿತ್ರಗಳಿಗೊಮ್ಮೆ, ಅಂದರೆ ಸೆಕೆಂಡಿಗೆ 12 ಸಲ ಮಾತ್ರ ಬದಲಾಗುತ್ತದೆ. ಕಾಡಿನಲ್ಲಿ ಅವನು ಅನುಭವಿ ಸ್ಪೈಡರ್-ಮ್ಯಾನ್ ಜೊತೆ ಜಿಗಿಯುವಾಗ ಒಬ್ಬನ ಚಲನೆ ನುಣುಪು, ಇನ್ನೊಬ್ಬನದು ತಡವರಿಕೆ. ಕಲಿಯುವವನ ತೊದಲನ್ನು ಫ್ರೇಮಿನ ಲೆಕ್ಕದಲ್ಲೇ ತೋರಿಸಿದ್ದಾರೆ. ಮುಂದೆ ಅವನು ಕಟ್ಟಡದ ಮೇಲಿಂದ ಧುಮುಕುವಾಗ ಗಮನಿಸಿ. ಬೆರಳುಗಳು ಇನ್ನೂ ಗಾಜಿಗೆ ಅಂಟಿಕೊಂಡಿರುತ್ತವೆ, ಹಾರಿದ ಕೂಡಲೇ ಗಾಜು ಒಡೆದು ಅವನ ಜೊತೆಗೇ ಬರುತ್ತದೆ. ಹೆದರಿಕೆ ಹೋಗಿಲ್ಲ, ಹೆದರಿಕೊಂಡೇ ಹಾರಿದ್ದಾನೆ ಎನ್ನುವುದನ್ನು ಒಂದು ಮಾತಿಲ್ಲದೆ ಹೇಳಿದ ದೃಶ್ಯ ಅದು. ಕ್ಲೈಮ್ಯಾಕ್ಸಿನಲ್ಲಿ ಬಣ್ಣಗಳು ತುಂಬಾ ಮಿನುಗುತ್ತವೆ. ಮಿಂಚುವ ಬೆಳಕಿಗೆ ಮೂರ್ಛೆ ಬರುವವರಿಗೆ, ಮೈಗ್ರೇನ್ ಇರುವವರಿಗೆ ಇದು ಬೇಡವೇ ಬೇಡ.

ಸಂಸಾರದ ಕಥೆ ಇಷ್ಟಪಡುವವರಾದರೆ 2004ರ ‘ದಿ ಇನ್‌ಕ್ರೆಡಿಬಲ್ಸ್’ ಹಾಕಿ. 115 ನಿಮಿಷ, ಎಲ್ಲ ವಯಸ್ಸಿನವರೂ ಕೂತು ನೋಡಬಹುದು.

ಹೇಳಬೇಕಾದ್ದು ಎರಡೇ ವಾಕ್ಯ

ಸಿನಿಮಾ ಆರಿಸಿದ ಮೇಲೆ ಜಾಸ್ತಿ ಜನ ಎಡವುವುದು ಇಲ್ಲಿ. “ನೋಡಿ, ನಿಮ್ಮ ಅಭಿಪ್ರಾಯಾನೇ ಬದಲಾಗುತ್ತೆ” ಎಂದ ಕೂಡಲೇ ಎದುರಿನವರು ಪರೀಕ್ಷಕರಾಗಿ ಕೂರುತ್ತಾರೆ, ತಪ್ಪು ಹುಡುಕಲು ಶುರು ಮಾಡುತ್ತಾರೆ. ಪ್ರಶಸ್ತಿಗಳ ಪಟ್ಟಿಯೂ ಅದೇ ಕೆಲಸ ಮಾಡುತ್ತದೆ. ‘ದಿ ಡಾರ್ಕ್ ನೈಟ್’ನ ವಿಲನ್ ಜೋಕರ್ ಪಾತ್ರಕ್ಕೆ ಹೀತ್ ಲೆಡ್ಜರ್‌ಗೆ ಮರಣೋತ್ತರವಾಗಿ ಆಸ್ಕರ್ ಬಂತು ಎಂದು ಮೊದಲೇ ಹೇಳಿದರೆ, ಅವರು ಪಾತ್ರ ನೋಡದೆ ನಟನೆಯನ್ನು ತೂಗುತ್ತಾ ಕೂರುತ್ತಾರೆ. ಇಂಥವನ್ನು ಸಿನಿಮಾ ಮುಗಿದ ಮೇಲೆ ಹೇಳಿ, ಆಗ ಅದಕ್ಕೆ ಬೆಲೆ.

ಮೊದಲೇ ಹೇಳಬೇಕಾದ್ದು ಎರಡು ವಿಷಯ: ಇದು ಯಾವ ಬಗೆಯ ಕಥೆ, ಎಷ್ಟು ಉದ್ದ. “ರೈಲು ಅಪಘಾತದಲ್ಲಿ ಒಬ್ಬನೇ ಬದುಕಿದವನ ಕಥೆ. ಎರಡು ಗಂಟೆಯೂ ಇಲ್ಲ.” ಸಾಕು. ‘ಲೋಗನ್’ಗೆ ಮಾತ್ರ ಮೂರನೆಯ ವಾಕ್ಯ ಬೇಕು: ಹೊಡೆದಾಟ ರಕ್ತಸಿಕ್ತವಾಗಿದೆ ಎಂದು. ಸೂಪರ್‌ಹೀರೋ ಎನ್ನುವ ಪದವನ್ನೇ ಮುಚ್ಚಿಡುವ ಉಪಾಯ ಬೇಡ. ಮೋಸ ಹೋದೆವು ಎಂದು ಒಮ್ಮೆ ಅನ್ನಿಸಿದರೆ ಸಿನಿಮಾ ಎಷ್ಟೇ ಚೆನ್ನಾಗಿದ್ದರೂ ಮನಸ್ಸು ತೆರೆಯುವುದಿಲ್ಲ.

ಟ್ರೇಲರ್ ತೋರಿಸಬೇಡಿ. ಟ್ರೇಲರ್‌ಗಳನ್ನು ಕಟ್ಟುವುದು ಮೊದಲೇ ಒಲಿದವರಿಗಾಗಿ. ಎರಡೂವರೆ ನಿಮಿಷದಲ್ಲಿ ಎಲ್ಲ ಸ್ಫೋಟಗಳನ್ನೂ ಒಟ್ಟಿಗೆ ತುಂಬಿರುತ್ತಾರೆ. ನಿಮ್ಮ ಅತಿಥಿಗೆ ಆಗದಿರುವುದು ಅದೇ.

ಟಿವಿ ಸರಿಮಾಡುವುದು

ಇದನ್ನು ಹಿಂದಿನ ದಿನವೇ ಮಾಡಿ. ಅವರು ಬಂದು ಕೂತ ಮೇಲೆ ರಿಮೋಟ್ ಹಿಡಿದು ಮೆನುವಿನಲ್ಲಿ ಅಲೆದಾಡಿದರೆ ಸಿನಿಮಾ ಶುರುವಾಗುವ ಮೊದಲೇ ಸುಸ್ತು.

ಎಲ್ಲಕ್ಕಿಂತ ಮುಖ್ಯವಾದದ್ದು, ಚಲನೆಯನ್ನು ನುಣುಪಾಗಿಸುವ ಸೆಟ್ಟಿಂಗ್ ಆಫ್ ಮಾಡುವುದು. ಸ್ಯಾಮ್‌ಸಂಗ್‌ನಲ್ಲಿ ಅದರ ಹೆಸರು ಪಿಕ್ಚರ್ ಕ್ಲಾರಿಟಿ ಅಥವಾ ಆಟೋ ಮೋಷನ್ ಪ್ಲಸ್, ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ. ಸೆಕೆಂಡಿಗೆ 24 ಚಿತ್ರಗಳ ನಡುವೆ ಟಿವಿ ತಾನೇ ಊಹಿಸಿ ಹೊಸ ಚಿತ್ರಗಳನ್ನು ತುರುಕುತ್ತದೆ. ಪರಿಣಾಮ, ಕೋಟಿಗಟ್ಟಲೆ ಖರ್ಚು ಮಾಡಿದ ದೃಶ್ಯವೂ ಸ್ಟುಡಿಯೋದಲ್ಲಿ ತೆಗೆದ ಧಾರಾವಾಹಿಯಂತೆ ಕಾಣುತ್ತದೆ. ವೇಷಭೂಷಣ ವೇಷಭೂಷಣವಾಗಿಯೇ ಕಾಣುತ್ತದೆ. “ಇದೆಲ್ಲ ನಾಟಕದ ಥರ ಇದೆ” ಎಂಬ ದೂರಿಗೆ ಎಷ್ಟೋ ಮನೆಗಳಲ್ಲಿ ಈ ಒಂದು ಸೆಟ್ಟಿಂಗೇ ಕಾರಣ. ‘ಸ್ಪೈಡರ್-ವರ್ಸ್’ಗಂತೂ ಇದು ವಿಷ. ಬೇಕೆಂದೇ ಬಿಟ್ಟ ತಡವರಿಕೆಯನ್ನು ಟಿವಿ ತಿದ್ದಲು ಹೋಗಿ ಅಂಚುಗಳನ್ನೆಲ್ಲ ಕಲಸಿಬಿಡುತ್ತದೆ. ನಿಮ್ಮ ಟಿವಿಯಲ್ಲಿ ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದನ್ನೇ ಹಾಕಿ, ಒಂದೇ ಸಲಕ್ಕೆ ಇವೆಲ್ಲ ಆಫ್ ಆಗುತ್ತವೆ. ಇಲ್ಲದಿದ್ದರೆ ಸಿನಿಮಾ ಅಥವಾ ಮೂವಿ ಮೋಡ್. ವಿವಿಡ್ ಬೇಡ. ಕೆಲವು ಟಿವಿಗಳು ಈ ಸೆಟ್ಟಿಂಗನ್ನು ಒಂದೊಂದು ಇನ್‌ಪುಟ್‌ಗೂ ಬೇರೆಬೇರೆಯಾಗಿ ಇಟ್ಟುಕೊಳ್ಳುತ್ತವೆ. ಸಿನಿಮಾ ಓಡಿಸುವ ಆ್ಯಪ್ ಅಥವಾ ಪ್ಲೇಯರ್ ತೆರೆದಿಟ್ಟುಕೊಂಡೇ ಬದಲಾಯಿಸಿ.

ಬೆಳಕಿನ ವಿಷಯಕ್ಕೆ ಬಂದರೆ, ನೋಡುವವರ ಬೆನ್ನ ಹಿಂದಿನ ದೀಪಗಳನ್ನು ಆರಿಸಿ. ಅವು ಪರದೆಯಲ್ಲಿ ಪ್ರತಿಫಲಿಸುತ್ತವೆ. ‘ಅನ್‌ಬ್ರೇಕಬಲ್’ನಲ್ಲಿ ಆರಿದ ಟಿವಿಯ ಗಾಜಿನಲ್ಲಿ ಕಾಣುವ ತಾಯಿ-ಮಗನ ಪ್ರತಿಬಿಂಬದ ಮೇಲೆ ಒಂದು ದೃಶ್ಯವನ್ನೇ ನಿಲ್ಲಿಸಿದ್ದಾರೆ. ಅದರ ಮೇಲೆ ನಿಮ್ಮ ಟ್ಯೂಬ್‌ಲೈಟ್ ಕೂತರೆ ಏನು ಕಂಡೀತು? ಪೂರ್ತಿ ಕತ್ತಲೆ ಕಣ್ಣಿಗೆ ಹಿಂಸೆ ಎನ್ನುವವರಿಗಾಗಿ ಟಿವಿಯ ಹಿಂಬದಿಯಲ್ಲಿ ಗೋಡೆಗೆ ಬೀಳುವಂತೆ ಒಂದು ಸಣ್ಣ ದೀಪ ಇಡಿ.

ಕೂರುವ ದೂರ ಪರದೆಯ ಕರ್ಣದ ಸುಮಾರು 1.6 ಪಟ್ಟು ಇದ್ದರೆ ಚೆನ್ನ. 55 ಇಂಚಿನ ಟಿವಿಯ ಕರ್ಣ 140 ಸೆಂ.ಮೀ., ಅಂದರೆ ಸುಮಾರು 2.2 ಮೀಟರ್ ದೂರ. 43 ಇಂಚಿಗೆ ಸುಮಾರು 1.75 ಮೀಟರ್. ಬಹುಪಾಲು ಮನೆಗಳಲ್ಲಿ ಕುರ್ಚಿ ಇದಕ್ಕಿಂತ ತುಂಬಾ ಹಿಂದಿರುತ್ತದೆ. ಆ ಒಂದು ದಿನದ ಮಟ್ಟಿಗೆ ಮುಂದೆ ಎಳೆದುಕೊಳ್ಳಿ. ಮುಖಭಾವ ಕಾಣದಷ್ಟು ದೂರ ಕೂತವರಿಗೆ ಉಳಿಯುವುದು ಸದ್ದು ಮಾತ್ರ.

‘ದಿ ಡಾರ್ಕ್ ನೈಟ್’ ಅನ್ನು ಬ್ಲೂ-ರೇಯಲ್ಲಿ ಹಾಕಿದರೆ ಮೇಲೆ ಕೆಳಗಿನ ಕಪ್ಪು ಪಟ್ಟಿಗಳು ಆಗಾಗ ಮಾಯವಾಗಿ ಮತ್ತೆ ಬರುತ್ತವೆ. ಟಿವಿ ಕೆಟ್ಟಿಲ್ಲ. ಬ್ಯಾಂಕ್ ದರೋಡೆಯಂಥ ಕೆಲವು ಭಾಗಗಳನ್ನು ಐಮ್ಯಾಕ್ಸ್ ಕ್ಯಾಮೆರಾದಲ್ಲಿ ತೆಗೆದದ್ದರಿಂದ ಅಲ್ಲಿ ಚಿತ್ರ ಪರದೆಯ ತುಂಬ ಬರುತ್ತದೆ. ಜೂಮ್ ಒತ್ತಿ ‘ಸರಿ’ ಮಾಡಲು ಹೋಗಬೇಡಿ.

ಮಾತು ಕೇಳಬೇಕು

ಈ ಬಗೆಯ ಸಿನಿಮಾಗಳ ಬಗ್ಗೆ “ಬರೀ ಗಲಾಟೆ” ಎಂಬ ದೂರಿಗೆ ಅರ್ಧ ಕಾರಣ ಧ್ವನಿಯ ಜೋಡಣೆ. ಐದು ಸ್ಪೀಕರ್ ಮತ್ತು ಒಂದು ಸಬ್‌ವೂಫರ್‌ಗೆಂದು ಮಾಡಿದ 5.1 ಧ್ವನಿಯಲ್ಲಿ ಮಾತು ಹೆಚ್ಚಾಗಿ ನಡುವಿನ ಸ್ಪೀಕರ್‌ಗೆಂದು ಇಟ್ಟಿರುತ್ತದೆ. ಟಿವಿಯಲ್ಲಿರುವುದು ಸಾಮಾನ್ಯವಾಗಿ ಎರಡೇ ಸ್ಪೀಕರ್. ಆರು ಹಾದಿಯ ಸದ್ದನ್ನು ಎರಡಕ್ಕೆ ಮಡಚುವಾಗ ಮಾತು ಹೂತುಹೋಗುತ್ತದೆ, ನೀವು ವಾಲ್ಯೂಮ್ ಏರಿಸುತ್ತೀರಿ, ಮರುಕ್ಷಣ ಸ್ಫೋಟ. ಆ ರಾತ್ರಿಯೆಲ್ಲ ರಿಮೋಟ್ ಕೈಯಲ್ಲೇ.

ಟಿವಿಯ ಸ್ಪೀಕರಿನಲ್ಲೇ ಕೇಳುವುದಾದರೆ ಆಡಿಯೋ ಪಟ್ಟಿಯಲ್ಲಿ 5.1 ಬಿಟ್ಟು ಸ್ಟೀರಿಯೋ ಇದ್ದರೆ ಅದನ್ನು ಆರಿಸಿ. ನೈಟ್ ಮೋಡ್ ಅಥವಾ ಧ್ವನಿ ಸಮಮಾಡುವ ಆಯ್ಕೆ ಇದ್ದರೆ ಆನ್ ಮಾಡಿ, ಜೋರು ಸದ್ದು ತಗ್ಗಿ ಮೆಲುಮಾತು ಏರುತ್ತದೆ. ಹೋಮ್ ಥಿಯೇಟರ್ ಇದ್ದರೆ ನಡುವಿನ ಸ್ಪೀಕರನ್ನು 2-3 ಡೆಸಿಬಲ್ ಏರಿಸಿ, ಅದಕ್ಕಿಂತ ಜಾಸ್ತಿ ಬೇಡ, ಮಾತು ಡಬ್ಬಿಯೊಳಗಿಂದ ಬಂದಂತಾಗುತ್ತದೆ. ವಾಲ್ಯೂಮ್ ಎಷ್ಟಿರಬೇಕು ಎನ್ನುವುದನ್ನು ಇಬ್ಬರು ಮೆಲ್ಲಗೆ ಮಾತಾಡುವ ದೃಶ್ಯ ಹಾಕಿ ನಿಗದಿ ಮಾಡಿ. ಆರಂಭದ ಲೋಗೋ ಸಂಗೀತಕ್ಕೆ ತಕ್ಕಂತೆ ಇಟ್ಟರೆ ಮುಂದೆ ಮಾತೇ ಕೇಳುವುದಿಲ್ಲ.

ಡಬ್ಬಿಂಗೋ ಸಬ್‌ಟೈಟಲೋ ಎಂಬುದನ್ನು ನೀವು ನಿರ್ಧರಿಸಬೇಡಿ, ಅವರನ್ನು ಕೇಳಿ. ಓದುತ್ತಾ ನೋಡುವ ಅಭ್ಯಾಸ ಇಲ್ಲದವರಿಗೆ ಸಬ್‌ಟೈಟಲ್ ಹೇರಿದರೆ ಎರಡು ಗಂಟೆ ಪರದೆಯ ಕೆಳತುದಿಯನ್ನೇ ನೋಡುತ್ತಾರೆ. ‘ಸ್ಪೈಡರ್-ವರ್ಸ್’ನಂಥ, ಕಣ್ಣು ತುಂಬ ನೋಡಬೇಕಾದ ಸಿನಿಮಾಕ್ಕೆ ಅವರಿಗೆ ತಿಳಿಯುವ ಭಾಷೆಯ ಡಬ್ಬಿಂಗ್ ಸಿಕ್ಕರೆ ಅದೇ ಮೇಲು. ‘ಅನ್‌ಬ್ರೇಕಬಲ್’, ‘ಲೋಗನ್’ಗಳಲ್ಲಿ ನಟರ ಪಿಸುದನಿ ಮುಖ್ಯ, ಅಲ್ಲಿ ಮೂಲ ಧ್ವನಿಯೇ ಇರಲಿ.

ಓಡುತ್ತಿರುವಾಗ

ಸುಮ್ಮನಿರಿ. ಇದಕ್ಕಿಂತ ಕಷ್ಟದ ಹಂತ ಇಡೀ ಕೆಲಸದಲ್ಲಿಲ್ಲ. “ಈಗ ನೋಡಿ, ಈಗ ಬರುತ್ತೆ” ಎನ್ನಬೇಡಿ, ಅವರ ಮುಖವನ್ನು ತಿರುಗಿ ತಿರುಗಿ ನೋಡಬೇಡಿ. ಬಂದುಹೋದ ಪುಟ್ಟ ಪಾತ್ರ ಯಾವ ಕಾಮಿಕ್ಸಿನದು ಎಂದು ವಿವರಿಸಬೇಡಿ. ಪ್ರಶ್ನೆ ಬಂದರೆ ಒಂದೇ ವಾಕ್ಯದ ಉತ್ತರ ಕೊಡಿ. ಅದು ಮುಂದೆ ಸಿನಿಮಾವೇ ಹೇಳುವ ವಿಷಯವಾಗಿದ್ದರೆ “ಬರುತ್ತೆ” ಎಂದರೆ ಸಾಕು. ಇನ್ನೊಬ್ಬ ಅಭಿಮಾನಿಯನ್ನು ಆ ದಿನ ಕರೆಯಲೇಬೇಡಿ. ಇಬ್ಬರು ಸೇರಿದರೆ ಮಾತು ನಿಲ್ಲುವುದಿಲ್ಲ, ಮೂರನೆಯವರು ಹೊರಗಿನವರಾಗುತ್ತಾರೆ.

ಶುರು ಮಾಡುವ ಮೊದಲೇ ಒಂದು ಒಪ್ಪಂದ ಮಾಡಿಕೊಳ್ಳಿ: 25 ನಿಮಿಷ ನೋಡೋಣ, ಹಿಡಿಸದಿದ್ದರೆ ನಿಲ್ಲಿಸೋಣ. ನಿಲ್ಲಿಸಿ ಎಂದರೆ ನಿಜವಾಗಿ ನಿಲ್ಲಿಸಿ, “ಇನ್ನು ಹತ್ತೇ ನಿಮಿಷ” ಬೇಡ. ಎದ್ದು ಹೋಗುವ ಸ್ವಾತಂತ್ರ್ಯ ಇದ್ದವರು ಕಟ್ಟಿಹಾಕಿದಂತೆ ಕೂರುವುದಿಲ್ಲ, ಕೂತಷ್ಟು ಹೊತ್ತು ಮನಸ್ಸಿಟ್ಟು ನೋಡುತ್ತಾರೆ.

ವಿರಾಮ ಬೇಕಾದರೆ ಎಲ್ಲಿ ಎಂದು ಮೊದಲೇ ಗುರುತು ಮಾಡಿಕೊಳ್ಳಿ. ‘ಲೋಗನ್’ನಲ್ಲಿ ಹೋಟೆಲ್‌ನ ಘಟನೆ ಮುಗಿದು, ಹೆದ್ದಾರಿಯಲ್ಲಿ ಕುದುರೆಗಳು ಕಾಣಿಸಿಕೊಳ್ಳುವ ಮೊದಲು ಒಳ್ಳೆಯ ಜಾಗ. ಅಲ್ಲಿಂದ ಮುಂದೆ ತೋಟದ ಮನೆಯ ಊಟ ಮತ್ತು ಅದರ ನಂತರದ್ದು ಒಂದೇ ಉಸಿರಿನಲ್ಲಿ ಹೋಗಬೇಕು. 152 ನಿಮಿಷದ ‘ದಿ ಡಾರ್ಕ್ ನೈಟ್’ನಲ್ಲಿ ರಾತ್ರಿಯ ರಸ್ತೆಯ ಬೆನ್ನಟ್ಟುವಿಕೆ ಶುರುವಾಗುವ ಮೊದಲೇ ನಿಲ್ಲಿಸಿ. ಜೋಕರ್ ಸೆರೆ ಸಿಕ್ಕ ಮೇಲೆ ಆಸ್ಪತ್ರೆಯ ಭಾಗ ಮುಗಿಯುವವರೆಗೂ ನಿಲ್ಲಿಸಿದರೆ ಬಿಗಿ ಕಳಚಿಹೋಗುತ್ತದೆ. ಉದ್ದದ ಸಿನಿಮಾ ಸಂಜೆ ಏಳರೊಳಗೆ ಶುರುವಾಗಲಿ. ನಿದ್ದೆಗಣ್ಣಿನವರಿಗೆ ಎಂಥ ಸಿನಿಮಾವೂ ಉದ್ದವೇ.

ಮುಗಿದ ಮೇಲೆ

ಹೆಸರುಗಳು ಮೇಲೇರುತ್ತಿರುವಾಗ “ಹೇಗಿತ್ತು?” ಎಂದು ಕೇಳಬೇಡಿ. ಅವರೇ ಮಾತು ತೆಗೆಯಲಿ. ‘ಲೋಗನ್’ ಮತ್ತು ‘ದಿ ಡಾರ್ಕ್ ನೈಟ್’ನಲ್ಲಿ ಹೆಸರುಗಳ ನಂತರ ಯಾವ ದೃಶ್ಯವೂ ಇಲ್ಲ, ಕಾಯಿಸಬೇಕಾಗಿಲ್ಲ. ‘ಸ್ಪೈಡರ್-ವರ್ಸ್’ನ ಕೊನೆಯಲ್ಲಿ ಒಂದಿದೆ, ಆದರೆ ಅದು ಬಲ್ಲವರಿಗಾಗಿ ಇಟ್ಟ ತಮಾಷೆ, ಬಿಟ್ಟರೂ ನಷ್ಟವಿಲ್ಲ.

ಮಾತು ಬಂದಾಗ ಅವರು ಯಾವ ಪಾತ್ರದ ಬಗ್ಗೆ ಮೊದಲು ಮಾತಾಡುತ್ತಾರೆ ಎನ್ನುವುದನ್ನು ಗಮನಿಸಿ. ಮುಂದಿನ ಆಯ್ಕೆಗೆ ಅದೇ ದಿಕ್ಕು. ‘ಲೋಗನ್’ ನೋಡಿ ಮುದುಕನ ಬಗ್ಗೆ ಮಾತಾಡಿದವರಿಗೆ ಇನ್ನೊಂದು ಎಕ್ಸ್‌-ಮೆನ್ ಬೇಡ, ‘ಅನ್‌ಬ್ರೇಕಬಲ್’ ಹಾಕಿ. ಅದರಲ್ಲಿ ಲೋಗನ್ ಜೊತೆ ಪಯಣಿಸುವ ಹುಡುಗಿಯ ಬಗ್ಗೆ ಮಾತಾಡಿದವರಿಗೆ ‘ಸ್ಪೈಡರ್-ವರ್ಸ್’. ‘ಮಿನ್ನಲ್ ಮುರಳಿ’ಯ ಖಳನಿಗಾಗಿ ಮರುಗಿದವರು ‘ಸ್ಪೈಡರ್-ಮ್ಯಾನ್ 2’ರ ವಿಜ್ಞಾನಿಗೂ ಮರುಗುತ್ತಾರೆ. ‘ಅನ್‌ಬ್ರೇಕಬಲ್’ ಮೆಚ್ಚಿದರೆಂದು ಅದೇ ವಾರ ಅದರ ಮುಂದಿನ ಭಾಗಗಳಾದ 2016ರ ‘ಸ್ಪ್ಲಿಟ್’, 2019ರ ‘ಗ್ಲಾಸ್’ ಎರಡನ್ನೂ ಮುಂದಿಡಬೇಡಿ. ಅವುಗಳ ಧಾಟಿ ಬೇರೆ, ಮೊದಲನೆಯದರ ಮೌನ ಅವುಗಳಲ್ಲಿಲ್ಲ. ಎರಡು ಸಿನಿಮಾಗಳ ನಡುವೆ ಒಂದೆರಡು ವಾರ ಬಿಡಿ. ಆ ಅವಧಿಯಲ್ಲಿ “ಆ ಪೇಂಟ್ ಡಬ್ಬಿ ಸಿನಿಮಾ ಥರದ್ದು ಇನ್ನೊಂದು ಇದೆಯಾ?” ಎಂದು ಅವರೇ ಕೇಳಿದರೆ, ಆಗ ಪಟ್ಟಿ ತೆಗೆಯಿರಿ.